ಪ್ಯಾರಾಥೈರಾಯ್ಡ್ ಆಪರೇಷನ್ ಆದ ಮೇಲೆ ಕ್ಯಾಲ್ಸಿಯಂ ಇಳಿದಿದೆ, ಅಮ್ಮ ಮಾತ್ರೆ ಬೇಡ ಅಂತಾರೆ

ಕಟಪಾಡಿ ಹುಡುಗಿ:
ಅಮ್ಮನಿಗೆ 62. ಕಿಡ್ನಿ ಕಲ್ಲು ಬಂದು ಬಂದು ಸಾಕಾಗಿತ್ತು. ಕೊನೆಗೆ ರಕ್ತ ನೋಡಿದರೆ ಕ್ಯಾಲ್ಸಿಯಂ 11.9, ಪಿಟಿಎಚ್ (ಪ್ಯಾರಾಥೈರಾಯ್ಡ್ ಹಾರ್ಮೋನ್) ಕೂಡ ಜಾಸ್ತಿ, ವಿಟಮಿನ್ ಡಿ ಬರೀ 9. ಹೋದ ತಿಂಗಳು ಮಂಗಳೂರಿನಲ್ಲಿ ಆಪರೇಷನ್ ಮಾಡಿ, ಊದಿದ್ದ ಒಂದು ಪ್ಯಾರಾಥೈರಾಯ್ಡ್ ಗ್ರಂಥಿ ತೆಗೆದರು. ಈಗ ಕ್ಯಾಲ್ಸಿಯಂ 7.8. ತುಟಿ ಸುತ್ತ ಜುಮುಜುಮು ಅನ್ನುತ್ತದಂತೆ. ನಿನ್ನೆ ಮನೆಯಲ್ಲಿ ಬಿಪಿ ನೋಡುವಾಗ ತೋಳಿನ ಪಟ್ಟಿ ಬಿಗಿಯಾದದ್ದೇ ತಡ, ಬೆರಳುಗಳೆಲ್ಲ ನೆಟ್ಟಗಾಗಿ ಒಟ್ಟು ಸೇರಿದವು, ಹೆಬ್ಬೆರಳು ಅಂಗೈಗೆ ಮಡಚಿಕೊಂಡಿತು. ಪಟ್ಟಿ ಬಿಚ್ಚಿದ ಮೇಲೆ ಸರಿಯಾಯಿತು.

"ಆಗ ಕ್ಯಾಲ್ಸಿಯಂ ಜಾಸ್ತಿ ಅಂತ ಕೊಯ್ದರು, ಈಗ ಕ್ಯಾಲ್ಸಿಯಂ ತಿನ್ನಿ ಅಂತಾರೆ. ಪುನಃ ಕಲ್ಲಾದರೆ?" ಅಂತ ಅಮ್ಮ ಮಧ್ಯಾಹ್ನದ ಮಾತ್ರೆ ಬಿಡುತ್ತಿದ್ದಾರೆ. ಪಕ್ಕದ ಮನೆಯವರದ್ದೂ ಅದಕ್ಕೆ ತಾಳ. ಗಂಜಿಗೆ ಬೂತಾಯಿ ಮೀನು ಇದ್ದರೆ ಸಾಕಂತೆ, ಅದರಲ್ಲಿ ಎಲ್ಲ ಉಂಟಂತೆ. ನಾನೇನು ಹೇಳಲಿ?

ಕದ್ರಿ ಅಕ್ಕ:
ಕೈ ಹಾಗೆ ಮಡಚಿದ್ದನ್ನು ನಾಳೆಗೆ ಇಡಬೇಡಿ ಮಾರಾಯ್ರೆ. ಕ್ಯಾಲ್ಸಿಯಂ ಇಳಿದಾಗ ಆಗುವುದೇ ಹಾಗೆ. ಆಪರೇಷನ್ ಮಾಡಿದ ಡಾಕ್ಟರಿಗೆ ಈಗಲೇ ಫೋನ್ ಮಾಡಿ. ಗಂಟಲು ಬಿಗಿದರೆ, ಉಸಿರಾಡಲು ಕಷ್ಟವಾದರೆ, ಫಿಟ್ಸ್ ಬಂದರೆ ಫೋನೂ ಬೇಡ, ಸೀದಾ ಕ್ಯಾಶುವಾಲ್ಟಿಗೆ ಹೋಗಿ. ಅಲ್ಲಿ ನರಕ್ಕೆ ಕ್ಯಾಲ್ಸಿಯಂ ಕೊಡ್ತಾರೆ, ಇಸಿಜಿ ನೋಡಿಕೊಂಡು ನಿಧಾನವಾಗಿ.

ನನಗೂ ಇದೇ ಆಪರೇಷನ್ ಆಗಿದೆ. ಸಾಮಾನ್ಯವಾಗಿ ಕುತ್ತಿಗೆಯಲ್ಲಿ ಅಕ್ಕಿಕಾಳಿನಷ್ಟು ಸಣ್ಣ ನಾಲ್ಕು ಗ್ರಂಥಿ ಇರುತ್ತವೆ. ಒಂದು ಕೆಟ್ಟು, ಮೂಳೆಯ ಕ್ಯಾಲ್ಸಿಯಂ ಎಳೆದೆಳೆದು ರಕ್ತಕ್ಕೆ ಸುರಿಯುತ್ತಿತ್ತು. ಅದು ಮೂತ್ರಕ್ಕೂ ಹೋಗಿ ಕಲ್ಲಾಗುತ್ತದೆ. ಅಮ್ಮನಿಗೆ ಇದನ್ನು ಮೊದಲು ಹೇಳಿ. ಕೆಟ್ಟದ್ದನ್ನು ತೆಗೆದ ಕೂಡಲೇ ಮೂಳೆಗಳು ಕಳಕೊಂಡದ್ದನ್ನೆಲ್ಲ ವಾಪಸ್ ಎಳೆದುಕೊಳ್ಳುತ್ತವೆ. ಉಳಿದ ಮೂರು ಗ್ರಂಥಿ ಇಷ್ಟು ಕಾಲ ಸುಮ್ನೆ ಮಲಗಿದ್ದವು, ಏಳಲು ಸಮಯ ಬೇಕು. ಅದರ ಮೇಲೆ ಡಿ 9 ಅಂದರೆ ತಿಂದ ಕ್ಯಾಲ್ಸಿಯಂ ಕೂಡ ಕರುಳಿನಿಂದ ಸರಿಯಾಗಿ ಒಳಗೆ ಹೋಗುವುದಿಲ್ಲ. ಆಪರೇಷನ್ ಮೊದಲೇ ಡಿ ಕಡಿಮೆ ಇದ್ದವರಿಗೆ ಈ ಕಾಟ ಜಾಸ್ತಿ.

ಮೆಗ್ನೀಸಿಯಂ ನೋಡಿದ್ದಾರಾ? ಅದು ತುಂಬ ಇಳಿದಿದ್ದರೆ ಕ್ಯಾಲ್ಸಿಯಂ ಮಾತ್ರೆ ಎಷ್ಟು ನುಂಗಿದರೂ ಏರುವುದು ಕಷ್ಟ. ರಕ್ತದ ಪ್ರೋಟೀನ್ ಆಲ್ಬುಮಿನ್ ಕೂಡ ಒಟ್ಟಿಗೆ ನೋಡಬೇಕು. ಅದು ಕಡಿಮೆ ಇದ್ದರೆ ಕ್ಯಾಲ್ಸಿಯಂ ಇರುವುದಕ್ಕಿಂತ ಕಡಿಮೆ ತೋರಿಸುತ್ತದೆ. ಆದರೆ ಕೈ ಮಡಚಿದ ಮೇಲೆ ಆ ಲೆಕ್ಕ ಡಾಕ್ಟರು ಮಾಡಲಿ, ನೀವು ಹೊರಡಿ.

ಮೆಡಿಕಲ್ ಭಟ್ರು, ಉಡುಪಿ:
ಅಂಗಡಿಯಲ್ಲಿ ದಿನಾ ನೋಡುವ ಸಂಗತಿ ಹೇಳ್ತೇನೆ. ಕ್ಯಾಲ್ಸಿಯಂ ಕಾರ್ಬೊನೇಟ್ ಆದರೆ ಊಟದೊಟ್ಟಿಗೆ ತಗೊಳ್ಳಬೇಕು, ಅದು ಕರಗಲು ಹೊಟ್ಟೆಯ ಆಸಿಡ್ ಬೇಕು. ಗ್ಯಾಸ್ಟ್ರಿಕ್‌ಗೆ ಪ್ಯಾಂಟೊಪ್ರಜೋಲ್ ತಿನ್ನುವವರಿಗೆ ಆಸಿಡ್ಡೇ ಕಡಿಮೆ. ವರ್ಷಗಟ್ಟಲೆ ತಿಂದರೆ ಮೆಗ್ನೀಸಿಯಂ ಕೂಡ ಇಳಿಯಬಹುದು. ಅಂಥವರಿಗೆ ಕಾರ್ಬೊನೇಟ್ ಬದಲು ಕ್ಯಾಲ್ಸಿಯಂ ಸಿಟ್ರೇಟ್ ಆಗುತ್ತದಾ ಅಂತ ಡಾಕ್ಟರಲ್ಲಿ ಕೇಳಿ. ಥೈರಾಯ್ಡ್ ಮಾತ್ರೆ ಇದ್ದರೆ ಕ್ಯಾಲ್ಸಿಯಂಗೂ ಅದಕ್ಕೂ 4 ಗಂಟೆ ಅಂತರ ಇರಲಿ.

ಇನ್ನೊಂದು, 60,000 ಯೂನಿಟ್‌ನ ಡಿ ಸಾಮಾನ್ಯವಾಗಿ ವಾರಕ್ಕೊಂದು ಬರೆಯುವುದು. ದಿನಾ ತಿನ್ನುವ ಕ್ಯಾಲ್ಸಿಟ್ರಿಯಾಲ್ (ವಿಟಮಿನ್ ಡಿಯ ಸಕ್ರಿಯ ರೂಪ) ಬೇರೆ. ಎರಡನ್ನೂ ಒಂದೇ ಡಬ್ಬಿಗೆ ಹಾಕಿಡುವವರು ಇದ್ದಾರೆ, ದಯವಿಟ್ಟು ಬೇಡ.

ಮಲ್ಪೆ ಮೀನ್:
ಬೂತಾಯಿ ತಿನ್ನಲಿ, ಒಳ್ಳೆಯದೇ. ಆದರೆ ನಡುಮುಳ್ಳು ತೆಗೆದು ಬೆಕ್ಕಿಗೆ ಹಾಕಿದರೆ ಕ್ಯಾಲ್ಸಿಯಂ ಬೆಕ್ಕಿಗೇ ಹೋಯಿತಲ್ವಾ? ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಬೋಟೂ ಕಡಲಿಗೆ ಇಳಿಯುವುದಿಲ್ಲ, ಬಿಸಿಲೂ ಇಲ್ಲ. ಆಗ ಏನು ಮಾಡ್ತಾರೆ ನಿಮ್ಮಮ್ಮ?

ಕಟಪಾಡಿ ಹುಡುಗಿ:
ಫೋನ್ ಮಾಡಿದೆ, ಈಗಲೇ ಬನ್ನಿ ಅಂದರು. ಆಟೋ ಬರುತ್ತಾ ಉಂಟು. ಭಟ್ರೇ, ಅಮ್ಮ ಪ್ಯಾಂಟೊಪ್ರಜೋಲ್ ತುಂಬ ವರ್ಷದಿಂದ ತಿನ್ನುತ್ತಿದ್ದಾರೆ, ಇದನ್ನು ಡಾಕ್ಟರಿಗೆ ಯಾರೂ ಹೇಳಿರಲೇ ಇಲ್ಲ. ಮಾತ್ರೆಯ ಸ್ಟ್ರಿಪ್‌ಗಳನ್ನೆಲ್ಲ ಚೀಲಕ್ಕೆ ಹಾಕಿದ್ದೇನೆ. ಕಲ್ಲಿನ ವಿಷಯ ಕದ್ರಿ ಅಕ್ಕ ಬರೆದ ಹಾಗೇ ಓದಿ ಹೇಳಿದೆ. "ಇದನ್ನು ಮೊದಲೇ ಹೇಳಬಾರದಿತ್ತಾ?" ಅಂತ ನನಗೇ ಬೈಗುಳ.