ರಾತ್ರಿಯೆಲ್ಲ ಸಂಗೀತ, ಮಲಗೋದು ಎಲ್ಲಿ? ಟೆಂಟಾ, ಕ್ಯಾರವಾನಾ?

ಕಲಬುರಗಿಯಿಂದ ಒಬ್ಬರು ಕೇಳಿದ್ದು:

ಈ ಡಿಸೆಂಬರಿನಲ್ಲಿ ಹುಮನಾಬಾದ್ ಹತ್ತಿರದ ಮಾಣಿಕನಗರಕ್ಕೆ ಹೋಗಬೇಕು ಅಂದುಕೊಂಡಿದ್ದೇವೆ. ದತ್ತ ಜಯಂತಿ ಉತ್ಸವ, ಅಲ್ಲಿ ಸಮಾಧಿಯಾದ ಸಂತ ಮಾಣಿಕಪ್ರಭುಗಳ ದರ್ಬಾರು. ರಾತ್ರಿಯೆಲ್ಲ ಹಾಡಿಕೆ ಇರುತ್ತದೆ. ನಾವು ಎರಡು ಮನೆಯವರು. ದೊಡ್ಡವರು ಆರು, ಮಕ್ಕಳು ಎರಡು. ನಮ್ಮ ಅವ್ವನಿಗೆ 72 ವರ್ಷ, ಮೊಣಕಾಲು ನೋವು. ಆದರೆ ಹಾಡು ಮುಗಿಯುವ ತನಕ ಏಳುವವಳಲ್ಲ. ಅಲ್ಲಿಯ ಕೋಣೆಗಳು ಆ ದಿನಗಳಲ್ಲಿ ಸಿಗುವುದು ಕಷ್ಟ ಅಂತ ಕೇಳಿದ್ದೇವೆ. ತಮ್ಮ ಬೆಂಗಳೂರಿನಿಂದ ಕ್ಯಾರವಾನ್ ಬಾಡಿಗೆಗೆ ತರೋಣ ಅಂತಾನೆ. ನಮ್ಮ ಮನೆಯವರು ಎರಡು ಟೆಂಟ್ ಸಾಕು ಅಂತಾರೆ. ನಮಗೆ ಎರಡೂ ಹೊಸದು. ಹೀಗೆ ಮಲಗಿ ಗೊತ್ತಿದ್ದವರು ದಯವಿಟ್ಟು ಹೇಳಿ.

ಬೀದರಿನಿಂದ:

ಅಕ್ಕಾ, ಕಲಬುರಗಿಯಿಂದ ಹುಮನಾಬಾದ್ ಸುಮಾರು 60 ಕಿಲೋಮೀಟರ್. 2017ರಿಂದ ರೈಲೂ ಇದೆ. ಹಾಡು ಕೇಳಿ ಬೆಳಿಗ್ಗೆ ಮನೆಗೆ ಬಂದುಬಿಡಿ. ಸುಮ್ನೆ ಯಾಕೆ ಖರ್ಚು?

ಆಳಂದದಿಂದ:

ರೈಲಿಗೆ ಹೋಗುವುದಾದರೆ ಸರಿ. ಸ್ವಂತ ಕಾರಿಗೆ ಬೇಡ. ನಾವು ಒಮ್ಮೆ ಹಾಗೆ ಮಾಡಿದೆವು. ಬೆಳಗಿನ ಆರಕ್ಕೆ ಕೊನೆಯ ರಾಗ ಭೈರವಿ ಮುಗಿಯಿತು, ಆರೂವರೆಗೆ ಹೊರಟೆವು. ಕಮಲಾಪುರ ದಾಟುವ ಮೊದಲೇ ನನ್ನ ಕಣ್ಣು ಮುಚ್ಚಿತ್ತು. ಗಾಡಿ ಡಾಂಬರು ಬಿಟ್ಟು ಮಣ್ಣಿಗೆ ಇಳಿದಾಗ ಹೆಂಡತಿ ಕೂಗಿದಳು. ಏನೂ ಆಗಲಿಲ್ಲ. ಆದರೆ ಹಿಂದಿನ ಸೀಟಿನಲ್ಲಿ ಮಕ್ಕಳು ಮಲಗಿದ್ದರು. ಅದು ನೆನಪಾದರೆ ಈಗಲೂ ಕೈ ತಣ್ಣಗಾಗುತ್ತದೆ. ರಾತ್ರಿಯೆಲ್ಲ ಕೂತವರು ಮಲಗದೆ ಗಾಡಿ ಹೊಡೆಯಬಾರದು.

ಹುಮನಾಬಾದಿನಿಂದ:

ನಾನು ನಾಲ್ಕು ವರ್ಷ ಟೆಂಟ್ ಹಾಕಿದ್ದೇನೆ, ಹಾಗಾಗಿ ಸ್ವಲ್ಪ ಉದ್ದಕ್ಕೆ ಬರೆಯುತ್ತೇನೆ.

ಎಲ್ಲರೂ ರಾತ್ರಿ ಎಲ್ಲಿ ಮಲಗೋದು ಅಂತ ಕೇಳುತ್ತಾರೆ. ಅಲ್ಲಿ ರಾತ್ರಿ ಯಾರೂ ಮಲಗುವುದೇ ಇಲ್ಲ ಅಲ್ವಾ? ಮಧ್ಯರಾತ್ರಿಗೆ ದರ್ಬಾರಿಯೋ ಮಾಲಕಂಸವೋ ರಾಗ ನಡೆಯುತ್ತಿರುವಾಗ ಯಾರು ಎದ್ದು ಹೋಗುತ್ತಾರೆ? ಲಲಿತ್ ರಾಗ ಶುರುವಾಗುವ ಹೊತ್ತಿಗೆ ಬೆಳಗು ಹತ್ತಿರ ಬಂದಿರುತ್ತದೆ. ನೀವು ನಿಜವಾಗಿ ಮಲಗೋದು ಬೆಳಿಗ್ಗೆ ಆರೂವರೆಯಿಂದ ಹನ್ನೊಂದರವರೆಗೆ. ಜಾಗ ನೋಡಬೇಕಾದದ್ದು ಆ ಹೊತ್ತಿಗೆ.

ಮೊದಲ ವರ್ಷ ನನಗೆ ಇದು ಗೊತ್ತಿರಲಿಲ್ಲ. ಸಂಜೆ ನೆರಳಿದ್ದ ಕಡೆ ಟೆಂಟ್ ಹಾಕಿದೆ. ಬೆಳಿಗ್ಗೆ ಎಂಟೂವರೆಗೆ ಬಿಸಿಲು ನೇರ ಬಿತ್ತು. ಡಿಸೆಂಬರ್ ಆದರೂ ನಮ್ಮ ಕಡೆ ಬಿಸಿಲು ಬಿಸಿಲೇ. ಒಂಬತ್ತಕ್ಕೆ ಒಳಗೆ ಇರಲು ಆಗಲಿಲ್ಲ, ಬೆವರು ಸುರಿಯುತ್ತಿತ್ತು. ಎರಡು ಗಂಟೆ ನಿದ್ದೆಯೂ ಆಗಲಿಲ್ಲ. ಮರುವರ್ಷದಿಂದ ಬೇವಿನ ಮರ ಹುಡುಕಿ, ಅದರ ಪಶ್ಚಿಮಕ್ಕೆ, ಸ್ವಲ್ಪ ಉತ್ತರಕ್ಕೆ ಸರಿದು ಹಾಕುತ್ತೇನೆ. ಈ ಕಾಲದಲ್ಲಿ ಸೂರ್ಯ ದಕ್ಷಿಣಕ್ಕೆ ವಾಲಿಕೊಂಡು ಹುಟ್ಟುತ್ತಾನೆ, ಆದ್ದರಿಂದ ಬೆಳಗಿನ ನೆರಳು ಆ ಕಡೆ ಬೀಳುತ್ತದೆ. ಕ್ಯಾರವಾನ್ ತಂದರೂ ಇದೇ ಮಾತು. ತಗಡೂ ಬಿಸಿಲಿಗೆ ಬೇಗ ಕಾಯುತ್ತದೆ.

ಆಮೇಲೆ ನೆಲ. ಇಲ್ಲಿ ಎಷ್ಟೋ ಕಡೆ ಕೆಂಪು ಜಂಬಿಟ್ಟಿಗೆ ಕಲ್ಲು. ಟೆಂಟಿನ ಜೊತೆ ಬರುವ ತೆಳ್ಳನೆ ಗೂಟ ಒಳಗೆ ಹೋಗುವುದಿಲ್ಲ, ಬಾಗುತ್ತದೆ. ದಪ್ಪ ಕಬ್ಬಿಣದ ಗೂಟ, ಒಂದು ಸುತ್ತಿಗೆ ಒಯ್ಯಿರಿ. ಗೂಟ ಹೋಗದಿದ್ದರೆ ದೊಡ್ಡ ಕಲ್ಲಿಗೆ ಹಗ್ಗ ಕಟ್ಟಿ. ಹೊಲದಲ್ಲಿ ಹಾಕೋಣ ಅನ್ನಬೇಡಿ. ಅದು ತೊಗರಿ ಕೊಯ್ಯುವ ಕಾಲ. ನಿಂತ ಬೆಳೆಗೆ ಹಾನಿ ಮಾಡಬಾರದು. ಕೊಯ್ದ ಹೊಲದಲ್ಲಾದರೆ ತೊಗರಿ ಕೂಳೆ ಟೆಂಟಿನ ತಳವನ್ನೇ ತೂತು ಮಾಡುತ್ತದೆ. ಎಲ್ಲಿ ಹಾಕಿದರೂ ಜಾಗದವರನ್ನು ಕೇಳಿ, ಕೆಳಗೆ ತಾಡಪತ್ರಿ ಹಾಸಿ.

ಚಳಿ ಖಂಡಿತ ಇರುತ್ತದೆ. ಹುಣ್ಣಿಮೆಯ ಹೊತ್ತು, ಆಕಾಶ ತಿಳಿಯಾಗಿರುತ್ತದೆ, ಅಂಥ ರಾತ್ರಿಯಲ್ಲೇ ಚಳಿ ಜಾಸ್ತಿ. ಇಬ್ಬನಿಯೂ ಬೀಳುತ್ತದೆ. ಮೇಲೆ ಎರಡನೇ ಹೊದಿಕೆ ಇರುವ ಟೆಂಟೇ ತಗೊಳ್ಳಿ. ಒಂದೇ ಪದರದ್ದಾದರೆ ಒಳಗಿನವರ ಉಸಿರೇ ನೀರಾಗಿ ಮೈಮೇಲೆ ತೊಟ್ಟಿಕ್ಕುತ್ತದೆ. ಮೇಲಿನ ಗಾಳಿಕಿಂಡಿ ಪೂರ್ತಿ ಮುಚ್ಚಬೇಡಿ.

ಒಂದು ಮಾತು ಮಾತ್ರ ನೇರವಾಗಿ ಹೇಳುತ್ತೇನೆ. ಮೊಣಕಾಲು ನೋವಿರುವ ಅವ್ವನಿಗೆ ಟೆಂಟ್ ಕಷ್ಟ. ಬಗ್ಗಿ ಒಳಗೆ ಹೋಗಬೇಕು, ನೆಲದಿಂದ ಏಳಬೇಕು. ನನ್ನ ತಾಯಿ ಒಂದು ವರ್ಷ ಬಂದಿದ್ದರು. ಎಬ್ಬಿಸಲು ಇಬ್ಬರು ಬೇಕಾದರು. ಅವರು ಏನೂ ಅನ್ನಲಿಲ್ಲ. ಮರುವರ್ಷ ಬರುವುದಿಲ್ಲ ಅಂದರು. ನನಗೆ ಅದು ಇನ್ನೂ ಬೇಜಾರು.

ಶಹಾಪುರದಿಂದ:

ನಾವು ಹಂಪಿ ಉತ್ಸವಕ್ಕೆ ಕ್ಯಾರವಾನ್ ಮಾಡಿಕೊಂಡು ಹೋಗಿದ್ದೆವು. ಅಂದರೆ ಟೆಂಪೋ ಟ್ರಾವೆಲರನ್ನೇ ಒಳಗೆ ಮನೆಯಂತೆ ಮಾಡಿದ್ದು. ಹಾಸಿಗೆ ನಾಲ್ಕು ಜನಕ್ಕೆ. ನೀವು ಎಂಟು ಜನ. ಡ್ರೈವರ್ ಬೇರೆ, ಅವರೂ ಮಲಗಬೇಕಲ್ಲ?

ಹಾಸಿಗೆ ಚೆನ್ನಾಗಿತ್ತು, ಸುಳ್ಳು ಹೇಳುವುದಿಲ್ಲ. ಒಳಗೇ ಶೌಚಾಲಯ ಇದ್ದದ್ದು ಹೆಂಗಸರಿಗೆ ಬಹಳ ಅನುಕೂಲ ಆಯಿತು. ಆದರೆ ನೀರಿನ ಟ್ಯಾಂಕ್ ಸಣ್ಣದು, ಆರು ಜನ ಒಂದೂವರೆ ದಿನದಲ್ಲಿ ಖಾಲಿ ಮಾಡಿದೆವು. ಶೌಚದ ಟ್ಯಾಂಕ್ ತುಂಬಿದರೆ ಎಲ್ಲಿ ಖಾಲಿ ಮಾಡೋದು ಅಂತ ಬಾಡಿಗೆಗೆ ಮೊದಲೇ ಕೇಳಿ. ಮೈದಾನದಲ್ಲಿ ಕರೆಂಟ್ ಕೊಡುವವರು ಇರಲಿಲ್ಲ, ಆದ್ದರಿಂದ ಏಸಿ ನಡೆಯಲಿಲ್ಲ. ಗಾಡಿ ಎತ್ತರ ಇದ್ದದ್ದರಿಂದ ತಗ್ಗು ಕೊಂಬೆಯ ಮರದ ಕೆಳಗೂ ಹೋಗಲಿಲ್ಲ. ದೂರ ನಿಲ್ಲಿಸಬೇಕಾಯಿತು. ಜನ ಜಾಸ್ತಿ ಆದ ಮೇಲೆ ನಡುವೆ ಗಾಡಿ ತೆಗೆಯಲೂ ಆಗಲಿಲ್ಲ.

ಬೆಂಗಳೂರಿನಿಂದ ಕಲಬುರಗಿ ಸುಮಾರು 600 ಕಿಲೋಮೀಟರ್. ನಮಗೆ ಖಾಲಿ ಬಂದು ಖಾಲಿ ಹೋಗುವ ಕಿಲೋಮೀಟರಿನ ದುಡ್ಡೂ ಹಾಕಿದ್ದರು. ನಿಮ್ಮ ಪ್ರಯಾಣವೋ 60 ಕಿಲೋಮೀಟರ್. ಲೆಕ್ಕ ನೋಡಿ ಅಕ್ಕಾ.

ಯಾದಗಿರಿಯಿಂದ:

ಇದನ್ನು ಎಲ್ಲರೂ ಓದಿ. ಚಳಿ ಅಂತ ಟೆಂಟಿನೊಳಗೆ ಇದ್ದಿಲಿನ ಸಿಗಡಿ ಒಲೆ ಇಡಬೇಡಿ. ಜನವರಿಯ ಒಂದು ಜಾತ್ರೆಯಲ್ಲಿ ನಮ್ಮ ಕಾಕಾ ಇಟ್ಟಿದ್ದರು. ರಾತ್ರಿ ಚಿಕ್ಕಮ್ಮನಿಗೆ ತಲೆ ಸಿಡಿದು ವಾಂತಿ ಬಂತು, ಎದ್ದು ಹೊರಗೆ ಬಂದರು. ಆಗ ನೋಡಿದರೆ ಕಾಕಾ ಎಚ್ಚರಿಸಿದರೂ ಏಳುತ್ತಿಲ್ಲ. ಎಳೆದು ಹೊರಗೆ ಹಾಕಿ ಆಸ್ಪತ್ರೆಗೆ ಒಯ್ದೆವು, ಉಳಿದರು. ಇದ್ದಿಲಿನಿಂದ ಕಾರ್ಬನ್ ಮಾನಾಕ್ಸೈಡ್ ಬರುತ್ತದೆ. ವಾಸನೆ ಇಲ್ಲ, ಬಣ್ಣ ಇಲ್ಲ. ನಿದ್ದೆಯಲ್ಲಿ ಗೊತ್ತೇ ಆಗುವುದಿಲ್ಲ. ನಿಂತ ಗಾಡಿಯಲ್ಲಿ ಕಿಟಕಿ ಮುಚ್ಚಿ, ಇಂಜಿನ್ ಚಾಲೂ ಇಟ್ಟು ಮಲಗುವುದೂ ಇಷ್ಟೇ ಅಪಾಯ. ಇನ್ನೊಂದು ಕೌದಿ ಒಯ್ಯಿರಿ.

ಚಿಂಚೋಳಿಯಿಂದ ಒಬ್ಬ ಹಿರಿಯರು:

ನಾನು ಚಿಕ್ಕವನಿದ್ದಾಗ ಅಪ್ಪನ ಜೊತೆ ಎತ್ತು ಕಟ್ಟಿದ ಕೊಲ್ಲಾರಿ ಬಂಡಿಯಲ್ಲಿ ಮಾಣಿಕನಗರಕ್ಕೆ ಹೋಗುತ್ತಿದ್ದೆವು. ಬಂಡಿಯೇ ಮನೆ. ಹೆಂಗಸರು ಮಕ್ಕಳು ಬಂಡಿಯಲ್ಲಿ, ಗಂಡಸರು ಬಂಡಿಯ ಕೆಳಗೆ. ಚಳಿ ಮೇಲಿನಿಂದ ಬರುವುದಕ್ಕಿಂತ ನೆಲದಿಂದ ಜಾಸ್ತಿ ಬರುತ್ತದೆ ಅಂತ ಅಪ್ಪ ಹೇಳುತ್ತಿದ್ದರು. ಒಂದು ಗೇಣು ಒಣ ಹುಲ್ಲು ಹರಡಿ, ಅದರ ಮೇಲೆ ಕಂಬಳಿ, ಆಮೇಲೆ ಕೌದಿ. ನೀವೂ ಹೊದೆಯುವುದಕ್ಕಿಂತ ಹಾಸುವುದಕ್ಕೆ ಜಾಸ್ತಿ ಇಟ್ಟುಕೊಳ್ಳಿ ತಾಯಿ.

ಮಾಣಿಕಪ್ರಭುಗಳು ಸ್ವತಃ ಪದ ಕಟ್ಟಿ ಹಾಡಿಸಿದವರು, ಕನ್ನಡದಲ್ಲೂ ಮರಾಠಿಯಲ್ಲೂ. 1865ರಲ್ಲಿ ಸಮಾಧಿಯಾದರು. ಅಲ್ಲಿ ಹಾಡುವವರು ಅದನ್ನು ಸೇವೆ ಅಂತ ಹಾಡುತ್ತಾರೆ. ನಿಮ್ಮ ತಾಯಿ ಕೊನೆಯ ತನಕ ಕೂತು ಕೇಳಲಿ. ಅವರಿಗೆ ಒಂದು ಮಡಚುವ ಕುರ್ಚಿ ಮರೆಯಬೇಡಿ.

ಸೇಡಂನಿಂದ:

ಎರಡನ್ನೂ ಸೇರಿಸಿ ಅಕ್ಕಾ. ಕಲಬುರಗಿಯಲ್ಲೇ ಒಂದು ಟಿಟಿ, ಅಂದರೆ ಸಾದಾ ಟೆಂಪೋ ಟ್ರಾವೆಲರ್, ಬಾಡಿಗೆಗೆ ತಗೊಳ್ಳಿ. ಹಿಂದಿನ ಸಾಲಿನ ಸೀಟು ಉದ್ದಕ್ಕೆ ಇರುತ್ತದೆ, ಅಲ್ಲಿ ಅವ್ವ ಮಲಗಲಿ. ಉಳಿದವರಿಗೆ ಎರಡು ಟೆಂಟ್. ನಾವು ಹೀಗೇ ಮಾಡುತ್ತೇವೆ. ಗಾಡಿ ಹೊಡೆಯುವವರು ರಾತ್ರಿ ಮಲಗಿರುತ್ತಾರೆ, ಹಾಗಾಗಿ ಮರಳುವಾಗ ಹೆದರಿಕೆ ಇಲ್ಲ. ಟಿಟಿಯ ಮೆಟ್ಟಿಲು ಎತ್ತರ ಇರುತ್ತದೆ, ಕೆಳಗಿಡಲು ಒಂದು ಗಟ್ಟಿ ಮಣೆ ಬೇಕು.

ಕೇಳಿದವರು:

ಎಲ್ಲರಿಗೂ ಶರಣು. ಟಿಟಿ ಮತ್ತು ಎರಡು ಟೆಂಟ್ ಅಂತ ನಿರ್ಧಾರ ಆಯಿತು, ತಮ್ಮನೂ ಒಪ್ಪಿದ. ಅವ್ವನಿಗೆ ಎಲ್ಲ ಓದಿ ಹೇಳಿದೆ. ಕೊಲ್ಲಾರಿ ಬಂಡಿಯ ಮಾತು ಬಂದಾಗ ತಾನೂ ಸಣ್ಣವಳಿದ್ದಾಗ ಹಾಗೇ ಹೋಗಿದ್ದೆ ಅಂದಳು. ನಮಗೆ ಇಷ್ಟು ವರ್ಷ ಗೊತ್ತೇ ಇರಲಿಲ್ಲ. ಹುಲ್ಲು ಅಲ್ಲೇ ಸಿಗುತ್ತದಾ, ಇಲ್ಲಿಂದ ಒಯ್ಯಬೇಕಾ?

ಹುಮನಾಬಾದಿನಿಂದ:

ಒಯ್ಯಬೇಡಿ ಅಕ್ಕಾ. ನಮ್ಮ ಬಣವೆಯಿಂದ ಎರಡು ಹೊರೆ ತಂದಿಡುತ್ತೇನೆ. ಬರುವ ಹಿಂದಿನ ದಿನ ಹೇಳಿ, ಬೇವಿನ ಮರದ ಕೆಳಗೆ ಜಾಗವನ್ನೂ ಹಿಡಿದಿಡುತ್ತೇನೆ.