ಆ ಮೊಟ್ಟೆ ಚಿತ್ರದಲ್ಲಿ ಇಲ್ಲವಲ್ಲ!

ಮಾವ: ಬಾಹ್ಯಾಕಾಶದ ಪ್ರಾಣಿಯೊಂದು ಹೆದರಿಸುವ 1979ರ ಚಿತ್ರ ‘ಏಲಿಯನ್’ನ ಟ್ರೇಲರ್ ಹಾಕಿದ್ದೀಯಲ್ಲ, ಪೂರ್ತಿ ನೋಡಿದೆ. ಯಾರೂ ಒಂದು ಮಾತು ಆಡುವುದಿಲ್ಲ, ಕಥೆ ಏನೆಂದು ತಿಳಿಯುವುದಿಲ್ಲ, ಬರೀ ಗದ್ದಲ. ಗದ್ದಲದಿಂದ ಹೆದರಿಸುವುದಕ್ಕೆ ನಿರ್ದೇಶಕರೇ ಬೇಕೇ? ಒಂದು ಪಟಾಕಿ ಸಾಕು.

ನಾನು: ಪಟಾಕಿಗೆ ಬೆಚ್ಚುತ್ತೇವೆ ಮಾವ, ಅಷ್ಟೇ. ಇಲ್ಲಿ ಮೊದಲು ಕಾಯಿಸುತ್ತಾರೆ. ಕತ್ತಲಲ್ಲಿ ತೇಲುವ ಮೊಟ್ಟೆ ಬಿರುಕು ಬಿಡುತ್ತದೆ, ಒಳಗಿನಿಂದ ಬೆಳಕು ಸೋರುತ್ತದೆ. ಆಮೇಲೆ ಸೈರನ್ನಿನಂಥ ಆ ಚೀರು, ಒಂದೇ ಲಯದಲ್ಲಿ ಮತ್ತೆ ಮತ್ತೆ. ದೃಶ್ಯದ ತುಣುಕುಗಳೂ ಮೊಟಕಾಗುತ್ತಾ ಹೋಗುತ್ತವೆ. ಓಡುವವರು ಕಾಣುತ್ತಾರೆ, ಅಟ್ಟಿಸಿಕೊಂಡು ಬರುವುದು ಕಾಣುವುದಿಲ್ಲ. ಮುಖ ಗುರುತು ಸಿಕ್ಕಿತು ಎನ್ನುವಷ್ಟರಲ್ಲಿ ಕತ್ತರಿ ಬೀಳುತ್ತದೆ. ಆ ಪ್ರಾಣಿಯನ್ನು ನಾವೇ ಮನಸ್ಸಿನಲ್ಲಿ ಕಟ್ಟಿಕೊಳ್ಳಬೇಕು.

ಅಕ್ಕ: ನನ್ನ ತಕರಾರು ಬೇರೆ. ಚಿತ್ರದಲ್ಲಿರುವ ಮೊಟ್ಟೆಗಳು ದೊಡ್ಡವು, ತೊಗಲಿನಂಥವು, ಮೇಲ್ಭಾಗ ಎಸಳಿನಂತೆ ಬಿಚ್ಚಿಕೊಳ್ಳುತ್ತದೆ. ಇದು ಕೋಳಿಮೊಟ್ಟೆಯ ಹಾಗಿದೆ. ಇಲ್ಲದ್ದನ್ನು ತೋರಿಸಿ ಟಿಕೆಟ್ ಮಾರಿದರೆ ಮೋಸವಲ್ಲವೇ?

ಮಾವ: ಸರಿಯಾಗಿ ಕೇಳಿದೆ. 1960ರ ‘ಸೈಕೋ’ ಟ್ರೇಲರ್ ನೋಡಿ. ನಿರ್ದೇಶಕ ಹಿಚ್‌ಕಾಕ್ ತಾವೇ ಸೆಟ್ಟಿನಲ್ಲೆಲ್ಲ ಸುತ್ತಾಡಿ, ನಿಧಾನವಾಗಿ ಮಾತಾಡುತ್ತಲೇ ಬೆವರಿಳಿಸುತ್ತಾರೆ. ಅದು ಪ್ರಾಮಾಣಿಕ ಕೆಲಸ.

ನಾನು: ಅದರ ಕೊನೆ ನೆನಪಿದೆಯೇ? ಸ್ನಾನದ ಮನೆಯ ಪರದೆ ಎಳೆದ ಕೂಡಲೇ ಹೆಣ್ಣಿನ ಕಿರುಚಾಟ, ಪಿಟೀಲುಗಳ ಚೀರಾಟ. ಆರು ನಿಮಿಷಕ್ಕೂ ಹೆಚ್ಚು ಮಾತಾಡಿದ್ದೆಲ್ಲ ಆ ಒಂದು ಕ್ಷಣಕ್ಕಾಗಿ. ಇನ್ನು ಪ್ರಾಮಾಣಿಕತೆಯ ಮಾತು: ಅಲ್ಲಿ ಕಾಣುವವರು ಚಿತ್ರದ ಸ್ನಾನದ ದೃಶ್ಯದ ನಟಿ ಜಾನೆಟ್ ಲೀ ಅಲ್ಲ, ವಿಗ್ ತೊಟ್ಟ ಇನ್ನೊಬ್ಬ ನಟಿ ವೆರಾ ಮೈಲ್ಸ್. ಚಿತ್ರದ ಆ ದೃಶ್ಯದಲ್ಲಿ ಅವರು ಇಲ್ಲವೇ ಇಲ್ಲ! ಅದನ್ನು ಒಪ್ಪುವುದಾದರೆ ಮೊಟ್ಟೆಯನ್ನೂ ಒಪ್ಪಬೇಕು. ಚಿತ್ರ ಹುಟ್ಟಿಸುವ ಭಯವನ್ನೇ ಟ್ರೇಲರ್ ಹುಟ್ಟಿಸಿದರೆ ನನಗೆ ಸಾಕು. ಕಥೆಯನ್ನೆಲ್ಲ ಎರಡೇ ನಿಮಿಷದಲ್ಲಿ ಒದರಿಬಿಡುವ ಟ್ರೇಲರ್‌ಗಳ ಮೇಲೆ ನನಗೆ ಸಿಟ್ಟು.

ಅತ್ತೆ: ಶಬ್ದ ನಿಲ್ಲಿಸಿ ನೋಡಿದೆ. ಯಾರೋ ಓಡುತ್ತಾರೆ, ಏನೂ ಅನಿಸಲಿಲ್ಲ. ಶಬ್ದ ಹಾಕಿದರೆ ಅಜ್ಜಿ ಒಳಗಿನಿಂದ ಎದ್ದು ಬಂದು ‘ಯಾರಿಗೆ ಏನಾಯಿತು’ ಎಂದು ಕೇಳಿದರು. ಅವರು ತೆರೆ ನೋಡಿಯೇ ಇರಲಿಲ್ಲ.

ಮಾವ: ಶಬ್ದದ ಮಾತು ಒಪ್ಪಿದೆ. ಆದರೂ ಅಷ್ಟು ಹೊತ್ತು ಕಿರುಚಿಸಬೇಕಿತ್ತೇ?

ನಾನು: ಕಿರುಚಿಸಿದ್ದಕ್ಕೇ ಕೊನೆಯ ಸಾಲಿಗೆ ಬಲ ಬಂದಿದೆ ಮಾವ. ‘ಬಾಹ್ಯಾಕಾಶದಲ್ಲಿ ನಿಮ್ಮ ಕಿರುಚಾಟ ಯಾರಿಗೂ ಕೇಳಿಸುವುದಿಲ್ಲ.’ ಗಾಳಿಯಿಲ್ಲದಲ್ಲಿ ಶಬ್ದ ಹರಿಯುವುದಿಲ್ಲ ಎಂದು ನಮಗೆ ಶಾಲೆಯಲ್ಲೇ ಗೊತ್ತು. ಇಲ್ಲಿ ಅದು ಮೈಗೆ ತಾಗುತ್ತದೆ.

ಅಕ್ಕ: ನಾನಿನ್ನೂ ಮೊಟ್ಟೆಯನ್ನು ಒಪ್ಪಿಲ್ಲ.