ಹಳೆಯ ಜಿಪ್ಸಿಗೆ ಎರಡು ಇಂಚು ಎತ್ತರದ ಲೀಫ್ ಸ್ಪ್ರಿಂಗ್: ಹಾಕಿಸಿದವರು ಏನಂತಾರೆ?

ಪ್ರಶ್ನೆ, ಮೂಡಿಗೆರೆಯಿಂದ

ನನ್ನ ಹತ್ತಿರ 1998ರ ಮಾರುತಿ ಜಿಪ್ಸಿ ಕಿಂಗ್ ಇದೆ. ತೋಟದ ಕೆಲಸಕ್ಕೆ ದಿನಾ ಬೇಕೇ ಬೇಕು. ಮಳೆಗಾಲ ಬಂತು ಅಂದರೆ ದಾರಿಯಲ್ಲಿ ಚಕ್ರದ ಜಾಡು ಆಳವಾಗಿ, ನಡುವಿನ ದಿಣ್ಣೆ ಗಾಡಿಯ ಅಡಿಗೆ ಉಜ್ಜುತ್ತದೆ. ನಾಲ್ಕು ಮೂಟೆ ಕಾಫಿ ಹಾಕಿದರೆ ಹಿಂಭಾಗ ಕೂತೇ ಬಿಡುತ್ತದೆ. ಒಬ್ಬರು ಎರಡು ಇಂಚು ಎತ್ತರದ ಲೀಫ್ ಸ್ಪ್ರಿಂಗ್ (ಬಾಗಿದ ಪ್ಲೇಟ್ ಒಂದರ ಮೇಲೊಂದು ಜೋಡಿಸಿದ ಸ್ಪ್ರಿಂಗ್) ಸೆಟ್ ಹಾಕಿಸಿ ಅಂತಾರೆ. ಇನ್ನೊಬ್ಬರು ಉದ್ದದ ಶ್ಯಾಕಲ್ (ಸ್ಪ್ರಿಂಗ್ ತುದಿಯನ್ನು ಚಾಸಿಗೆ ಸೇರಿಸುವ ಕೊಂಡಿ) ಹಾಕಿದರೆ ಸಾಕು, ಖರ್ಚು ಕಡಿಮೆ ಅಂತಾರೆ. ಹಾಕಿಸಿದವರು ದಯವಿಟ್ಟು ಅನುಭವ ಹೇಳಿ. ಸ್ಪ್ರಿಂಗ್ ಜೊತೆಗೆ ಬೇರೆ ಏನೇನು ಬದಲಿಸಬೇಕಾಗುತ್ತದೆ?

ಸಕಲೇಶಪುರದಿಂದ

ಸರ್, ನಮ್ಮದೂ ಇದೇ ಗಾಡಿ, ಇದೇ ತರಹದ ದಾರಿ. ಎರಡು ಇಂಚಿನ ಸೆಟ್ ಹಾಕಿಸಿದ್ದೇವೆ, ತೃಪ್ತಿ ಇದೆ. ಆದರೆ ದುಡ್ಡು ಕೊಡುವ ಮೊದಲು ಒಂದು ಟೇಪ್ ಹಿಡಿದುಕೊಂಡು ಗಾಡಿ ಹತ್ತಿರ ಹೋಗಿ.

ಖಾಲಿ ಗಾಡಿಯನ್ನು ಸಮ ನೆಲದಲ್ಲಿ ನಿಲ್ಲಿಸಿ. ಪ್ರತಿ ಚಕ್ರದ ಹಬ್‌ನ ನಡುವಿನಿಂದ ಮೇಲಿನ ಮಡ್‌ಗಾರ್ಡ್ ಅಂಚಿನವರೆಗೆ ಅಳೆದು ಬರೆದಿಡಿ. ಎಡ ಬಲಕ್ಕೆ ವ್ಯತ್ಯಾಸ ಇದೆಯಾ ನೋಡಿ. ಆಮೇಲೆ ಪಕ್ಕದಲ್ಲಿ ಕೂತು ಹಿಂದಿನ ಪ್ಲೇಟ್‌ಗಳನ್ನು ನೋಡಿ. ಭಾರ ಇಲ್ಲದೆಯೇ ಬಾಗು ಹೋಗಿ ನೆಟ್ಟಗಾಗಿದ್ದರೆ ಆ ಸ್ಪ್ರಿಂಗ್ ಮುಗಿದಿದೆ ಅಂತಲೇ ಅರ್ಥ. ಇಷ್ಟು ವರ್ಷ ಮೂಟೆ ಹೊತ್ತ ಗಾಡಿಯಲ್ಲಿ ಇದು ಸಾಮಾನ್ಯ. ಅಂಥ ಗಾಡಿಗೆ ಎರಡು ಇಂಚಿನ ಸೆಟ್ ಹಾಕಿದಾಗ ಸಿಗುವ ಎತ್ತರದಲ್ಲಿ ಒಂದಷ್ಟು ಭಾಗ, ಗಾಡಿ ಹೊಸದಿದ್ದಾಗ ಇದ್ದ ಎತ್ತರವೇ ವಾಪಸ್ ಬಂದಿದ್ದು. ಕೆಲವರಿಗೆ ಕಂಪನಿ ಅಳತೆಯ ಹೊಸ ಸೆಟ್ ಸಾಕಾಗುತ್ತದೆ. ಅದಕ್ಕೆ ಬೇರೇನನ್ನೂ ಮುಟ್ಟಬೇಕಾಗಿಲ್ಲ.

ಎರಡನೆಯ ಮಾತು ಇನ್ನೂ ಮುಖ್ಯ. ಸ್ಪ್ರಿಂಗ್ ಎತ್ತರಿಸಿದರೆ ಚಾಸಿ ಏರುತ್ತದೆ, ಹೌಸಿಂಗ್ (ಎಡ ಬಲ ಚಕ್ರಗಳನ್ನು ಸೇರಿಸುವ ಆಕ್ಸಲ್ ಕೊಳವೆ) ಏರುವುದಿಲ್ಲ. ಅದರಲ್ಲಿರುವ ಡಿಫರೆನ್ಷಿಯಲ್ ಗುಂಡು ನೆಲದಿಂದ ಎಷ್ಟಿತ್ತೋ ಅಷ್ಟೇ ಇರುತ್ತದೆ. ಜಿಪ್ಸಿಯಲ್ಲಿ ಸ್ಪ್ರಿಂಗ್ ಹೌಸಿಂಗ್‌ನ ಕೆಳಗೆ ಕೂರುತ್ತದೆ. ಹಾಗಾಗಿ ಸ್ಪ್ರಿಂಗನ್ನು ಅದಕ್ಕೆ ಬಿಗಿಯುವ ಯು ಬೋಲ್ಟ್ ಪ್ಲೇಟ್, ಅದರ ನಟ್ಟುಗಳೂ ಕೆಳಗೇ ಇರುತ್ತವೆ. ಮುಂದಿನ ಸಲ ದಿಣ್ಣೆ ಉಜ್ಜಿದ ದಿನ ಗಾಡಿ ಅಡಿಗೆ ತೂರಿ, ಹೊಸ ಗೀರು ಎಲ್ಲಿ ಬಿದ್ದಿದೆ ನೋಡಿ. ಗೇರ್‌ಬಾಕ್ಸ್ ಕ್ರಾಸ್ ಮೆಂಬರ್, ಟ್ರಾನ್ಸ್‌ಫರ್ ಕೇಸ್ ಅಡಿ, ಸೈಲೆನ್ಸರ್ ಪೈಪ್ ಇಲ್ಲೆಲ್ಲ ಮಣ್ಣು ಹತ್ತಿದ್ದರೆ ಸ್ಪ್ರಿಂಗ್ ಕೆಲಸ ಮಾಡುತ್ತದೆ. ಗುಂಡು ಮಾತ್ರ ಹೊಳೀತಾ ಇದ್ದರೆ ನಿಮಗೆ ಬೇಕಾಗಿರುವುದು ದೊಡ್ಡ ಟಯರ್.

ಟಯರ್ ಲೆಕ್ಕ ಹೇಳ್ತೀನಿ. ಕಿಂಗ್‌ಗೆ ಕಂಪನಿ ಕೊಟ್ಟಿದ್ದು 205/70 ಆರ್ 15. ಅದರ ವ್ಯಾಸ ಸುಮಾರು 668 ಮಿಮೀ. ಬಹಳ ಜನ ಹಾಕಿಸುವ 235/75 ಆರ್ 15 ಸುಮಾರು 733 ಮಿಮೀ. ವ್ಯತ್ಯಾಸದ ಅರ್ಧ, ಅಂದರೆ 32 ಮಿಮೀ ಆಸುಪಾಸು ಗುಂಡಿನ ಕೆಳಗೆ ಸಿಗುತ್ತದೆ. ಈ ಟಯರ್ ಪೂರ್ತಿ ತಿರುಗಿದಾಗ, ದಿಣ್ಣೆ ಹತ್ತಿ ಮೇಲೆ ಬಂದಾಗ ಮಡ್‌ಗಾರ್ಡಿಗೆ ತಾಗದಿರಲಿ ಅಂತಲೇ ಎರಡು ಇಂಚಿನ ಸ್ಪ್ರಿಂಗ್ ಜೊತೆಗೆ ಹಾಕಿಸುತ್ತಾರೆ. ಎರಡೂ ಸೇರಿದಾಗಲೇ ತೋಟದ ದಾರಿಯಲ್ಲಿ ವ್ಯತ್ಯಾಸ ಚೆನ್ನಾಗಿ ಗೊತ್ತಾಗುವುದು.

ಮೂರನೆಯದು ಭಾರ. ಸೆಟ್ ತೆಗೆದುಕೊಳ್ಳುವಾಗ ಎತ್ತರ ಎಷ್ಟು ಅಂತ ಎಲ್ಲರೂ ಕೇಳ್ತಾರೆ, ಎಷ್ಟು ಭಾರಕ್ಕೆ ಮಾಡಿದ್ದು ಅಂತ ಕೇಳುವವರು ಕಡಿಮೆ. ಮುಂದೆ ಕಬ್ಬಿಣದ ಬಂಪರ್, ವಿಂಚ್ ಇರುವ ಗಾಡಿಗೆ ಮಾಡಿದ ಸೆಟ್ಟನ್ನು ಬರೀ ಗಾಡಿಗೆ ಹಾಕಿದರೆ ಮೂತಿ ಎತ್ತಿಕೊಂಡು ನಿಲ್ಲುತ್ತದೆ. ಸಣ್ಣ ಕಲ್ಲಿಗೂ ಸೊಂಟ ಅಲ್ಲಾಡುತ್ತದೆ. ಚಕ್ರ ಗುಂಡಿಗೆ ಇಳಿಯದೆ ಗಾಳಿಯಲ್ಲಿ ತಿರುಗುತ್ತದೆ, ಅಲ್ಲಿಗೆ ಎತ್ತರ ಇದ್ದೂ ಪ್ರಯೋಜನ ಇಲ್ಲ. ನಿಮ್ಮ ಗಾಡಿ ಹಿಂದೆ ನಾಲ್ಕು ಮೂಟೆ ಅಂದರೆ ಇನ್ನೂರು ಕಿಲೋ ದಿನಾ ಹೊರುತ್ತದೋ, ಸುಗ್ಗಿಯಲ್ಲಿ ಮಾತ್ರವೋ? ದಿನಾ ಅಲ್ಲ ಅಂದರೆ ಹಿಂದಕ್ಕೆ ತೀರಾ ಗಟ್ಟಿ ಸೆಟ್ ಬೇಡ. ಇದನ್ನು ಮಾಡಿಕೊಡುವವರಿಗೆ ಬಿಡಿಸಿ ಹೇಳಿ.

ಜೊತೆಗೆ ಬೇಕಾಗುವುದು ಇಷ್ಟು. ಶಾಕ್ ಅಬ್ಸಾರ್ಬರ್ ಉದ್ದದ್ದು ಬೇಕು. ಹಳೆಯದನ್ನೇ ಬಿಟ್ಟರೆ ಚಕ್ರ ಕೆಳಗಿಳಿದಾಗಲೆಲ್ಲ ಶಾಕ್ ಎಳೆದು ನಿಲ್ಲಿಸುತ್ತದೆ, ಕೊನೆಗೆ ಅದರ ಮೌಂಟ್ ಕಿತ್ತು ಬರುತ್ತದೆ. ಬ್ರೇಕ್ ಹೋಸ್ ಸಾಲುತ್ತದಾ ನೋಡಲೇಬೇಕು. ಚಾಸಿಯನ್ನು ಸ್ಟ್ಯಾಂಡ್ ಮೇಲಿಟ್ಟು, ಚಕ್ರ ಪೂರ್ತಿ ಇಳಿಬಿಟ್ಟು, ಸ್ಟೇರಿಂಗ್ ಎರಡೂ ಕಡೆ ಕೊನೆವರೆಗೆ ತಿರುಗಿಸಿ. ಹೋಸ್ ಬಿಗಿಯಾದರೆ ಉದ್ದದ್ದು ಹಾಕಿ, ಇದರಲ್ಲಿ ಮಾತ್ರ ಉಳಿತಾಯ ಬೇಡ. ಅದೇ ಹೊತ್ತಿಗೆ ಪ್ರೊಪೆಲ್ಲರ್ ಶಾಫ್ಟ್‌ನ ಸ್ಲಿಪ್ ಜಾಯಿಂಟ್ ಎಷ್ಟು ಹೊರಗೆ ಬಂದಿದೆ ನೋಡಿ. ಒಳಗಿರುವ ಹಲ್ಲು ಕಡಿಮೆಯಾದರೆ ಸ್ಪೇಸರ್ ಬೇಕಾಗುತ್ತದೆ. ಹಿಂದಿನ ಹೌಸಿಂಗ್‌ಗೆ ಕಡ್ಡಿ ಕಟ್ಟಿದ ಬ್ರೇಕ್ ವಾಲ್ವ್ ಇದ್ದರೆ ಅದನ್ನೂ ಹೊಂದಿಸಬೇಕು. ಇಲ್ಲದಿದ್ದರೆ ಗಾಡಿ ಸದಾ ಖಾಲಿ ಇದೆ ಅಂದುಕೊಂಡು ಅದು ಹಿಂದಿನ ಬ್ರೇಕನ್ನು ಕಡಿಮೆ ಮಾಡುತ್ತದೆ.

ಮಡಿಕೇರಿಯಿಂದ

ಶ್ಯಾಕಲ್ ಬಗ್ಗೆ ನಾನು ಹೇಳ್ತೀನಿ. ನಾನು ಕೊಂಡ ಮಹೀಂದ್ರಾ ಜೀಪಿಗೆ ಹಿಂದಿನ ಮಾಲೀಕರು ಮುಂದೆ ಹಿಂದೆ ಉದ್ದದ ಶ್ಯಾಕಲ್ ಹಾಕಿಸಿದ್ದರು. ನೋಡಲು ಎತ್ತರ, ಓಡಿಸಲು ಕಷ್ಟ. ಸ್ಪ್ರಿಂಗ್‌ನ ಒಂದು ತುದಿ ಮಾತ್ರ ಇಳಿಯುವುದರಿಂದ ಎರಡು ಇಂಚು ಉದ್ದ ಮಾಡಿದರೆ ಗಾಡಿ ಏರುವುದು ಸುಮಾರು ಒಂದೇ ಇಂಚು. ಇದರ ಜೊತೆಗೆ ಹೌಸಿಂಗ್ ಸ್ವಲ್ಪ ತಿರುಗಿಕೊಳ್ಳುತ್ತದೆ. ಮುಂದಿನ ಶ್ಯಾಕಲ್ ಬಂಪರ್ ಕಡೆ ಇರುವ ಗಾಡಿಯಲ್ಲಿ ಕ್ಯಾಸ್ಟರ್ (ಚಕ್ರ ತಿರುಗುವ ಕಿಂಗ್‌ಪಿನ್ ಹಿಂದಕ್ಕೆ ವಾಲಿರುವ ಕೋನ) ಕಡಿಮೆಯಾಗುತ್ತದೆ. ಸ್ಟೇರಿಂಗ್ ತಾನಾಗಿ ನೆಟ್ಟಗೆ ಬರುವುದಿಲ್ಲ. ಸಂಪಾಜೆ ಘಾಟಿಯ ತಿರುವು ಮುಗಿದ ಮೇಲೆ ಪ್ರತಿ ಸಲ ಕೈಯಲ್ಲೇ ತಿರುಗಿಸಿ ತರಬೇಕಿತ್ತು. ನೇರ ರಸ್ತೆಯಲ್ಲಿ ಗಾಡಿ ಆ ಕಡೆ ಈ ಕಡೆ ಅಲೆಯುತ್ತಿತ್ತು. ಮೂಲ ಅಳತೆಯ ಶ್ಯಾಕಲ್, ಹೊಸ ಸ್ಪ್ರಿಂಗ್ ಹಾಕಿಸಿದ ಮೇಲೆ ಸರಿಹೋಯಿತು.

ಸ್ಪ್ರಿಂಗ್ ಮತ್ತು ಹೌಸಿಂಗ್ ನಡುವೆ ಓರೆ ಶಿಮ್ (ಬೆಣೆ) ಇಟ್ಟು ಕ್ಯಾಸ್ಟರ್ ಸರಿ ಮಾಡಬಹುದು, ನಿಜ. ಆದರೆ ಪ್ರೊಪೆಲ್ಲರ್ ಶಾಫ್ಟ್ ಸೇರುವ ಮುಂದಿನ ಪಿನಿಯನ್ ಕೋನವೂ ಜೊತೆಗೇ ಬದಲಾಗುತ್ತದೆ, ಶಾಫ್ಟಿನ ಕ್ರಾಸ್ ಜಾಯಿಂಟುಗಳು ಬೇಗ ಸವೆಯುತ್ತವೆ. ಸುಮ್ನೆ ಒಂದು ಸರಿ ಮಾಡಲು ಹೋಗಿ ಇನ್ನೊಂದು ಕೆಡಿಸಿಕೊಳ್ಳುವುದು ಯಾಕೆ?

ತೀರ್ಥಹಳ್ಳಿಯಿಂದ, ಗ್ಯಾರೇಜ್ ನಡೆಸುವವರು

ಅಣ್ಣಾ, ಕೆಲಸ ಶುರು ಮಾಡುವ ಮೊದಲು ಕಿಂಗ್‌ಪಿನ್ ಬೇರಿಂಗ್, ಟೈ ರಾಡ್ ಎಂಡ್, ವೀಲ್ ಬೇರಿಂಗ್ ನೋಡಿಸಿ. ಅವು ಸಡಿಲ ಇದ್ದಾಗ ದೊಡ್ಡ ಟಯರ್ ಹಾಕಿದರೆ ಸ್ಟೇರಿಂಗ್ ಕೈಯಲ್ಲಿ ನಿಲ್ಲದ ಹಾಗೆ ನಡುಗುತ್ತದೆ. ಜನ ಸ್ಪ್ರಿಂಗನ್ನು ಬೈತಾರೆ, ತಪ್ಪು ಬೇರಿಂಗಿನದ್ದು.

ಮಲೆನಾಡಿನ ಗಾಡಿಗಳಲ್ಲಿ ಶ್ಯಾಕಲ್ ಪಿನ್ ತುಕ್ಕು ಹಿಡಿದು ಬುಷ್ ಒಳಗೇ ಕಚ್ಚಿಕೊಂಡಿರುತ್ತದೆ. ಹಿಂದಿನ ದಿನವೇ ತುಕ್ಕು ಬಿಡಿಸುವ ಎಣ್ಣೆ ಹೊಡೆದಿಡಿ. ಒಂದು ಸಲಕ್ಕೆ ಒಂದೇ ಹೌಸಿಂಗ್ ಕೆಲಸ ಹಿಡಿಯಿರಿ. ಚಾಸಿ ಸ್ಟ್ಯಾಂಡ್ ಮೇಲೆ ಇರಬೇಕು, ಹೌಸಿಂಗ್‌ಗೆ ಬೇರೆ ಜಾಕ್ ಕೊಡಬೇಕು. ಜಾಕ್ ಒಂದನ್ನೇ ನಂಬಿ ಯಾರೂ ಅಡಿಗೆ ಹೋಗಬೇಡಿ. ಯು ಬೋಲ್ಟ್ ಹೊಸದೇ ಹಾಕಿ. ಒಮ್ಮೆ ಬಿಗಿ ಮಾಡಿದ್ದು ಎಳೆದುಕೊಂಡಿರುತ್ತದೆ, ಮತ್ತೆ ಅದೇ ಹಿಡಿತ ಕೊಡುವುದಿಲ್ಲ. ಸೆಂಟರ್ ಬೋಲ್ಟ್ ತಲೆ ಹೌಸಿಂಗ್ ಸೀಟಿನ ತೂತಿಗೆ ಪೂರ್ತಿ ಕೂತಿದೆಯಾ ಅಂತ ಬೆರಳಿಟ್ಟು ನೋಡಿ. ಅದು ಅಂಚಿನ ಮೇಲೆ ನಿಂತಿದ್ದಾಗ ಬಿಗಿ ಮಾಡಿದರೆ ಹೌಸಿಂಗ್ ಓರೆಯಾಗುತ್ತದೆ, ಗಾಡಿ ಒಂದು ಕಡೆ ಎಳೆಯುತ್ತದೆ. ನಾಲ್ಕೂ ನಟ್ಟನ್ನು ಎದುರುಬದುರಾಗಿ, ಸ್ವಲ್ಪ ಸ್ವಲ್ಪವೇ ಬಿಗಿ ಮಾಡಿ.

ಶ್ಯಾಕಲ್ ಮತ್ತು ಸ್ಪ್ರಿಂಗ್ ಕಣ್ಣಿನ ಬೋಲ್ಟುಗಳಿಗೆ ಮಾತ್ರ ಗಾಡಿ ಸ್ಟ್ಯಾಂಡ್ ಮೇಲೆ ಇರುವಾಗ ಕೊನೆಯ ಬಿಗಿ ಕೊಡಬೇಡಿ. ಚಕ್ರ ನೆಲಕ್ಕೆ ಇಳಿಸಿ, ಹಿಂದೆ ಮುಂದೆ ಉರುಳಿಸಿ, ಭಾರ ಕೂತ ಮೇಲೆ ಬಿಗಿ ಮಾಡಿ. ಮೊದಲೇ ಮಾಡಿದರೆ ರಬ್ಬರ್ ಬುಷ್ ಸದಾ ತಿರುಚಿಕೊಂಡೇ ಇರುತ್ತದೆ, ಬೇಗ ಹರಿಯುತ್ತದೆ. ನೂರು ಕಿಲೋಮೀಟರ್ ಓಡಿದ ಮೇಲೆ ಯು ಬೋಲ್ಟ್ ಮತ್ತೊಮ್ಮೆ ನೋಡಿ. ಹೊಸ ಪ್ಲೇಟ್ ಕೂರುವಾಗ ಅದು ಸಡಿಲ ಆಗೇ ಆಗುತ್ತದೆ. ಎತ್ತರ ಆದ ಮೇಲೆ ಸ್ಟೇರಿಂಗ್ ವೀಲ್ ಓರೆ ಕಂಡರೆ ಹೆದರಬೇಡಿ, ಡ್ರ್ಯಾಗ್ ಲಿಂಕ್ (ಸ್ಟೇರಿಂಗ್ ಬಾಕ್ಸಿನಿಂದ ಚಕ್ರದ ಕಡೆಗೆ ಹೋಗುವ ರಾಡ್) ಉದ್ದ ಹೊಂದಿಸಿದರೆ ನಡುವಿಗೆ ಬರುತ್ತದೆ. ಹೆಡ್‌ಲೈಟ್ ತಗ್ಗಿಸಿ, ಎದುರಿನವರ ಕಣ್ಣಿಗೆ ಹೊಡೆಯುತ್ತದೆ.

ಬೆಂಗಳೂರಿನಿಂದ

ಎರಡೇ ವಿಷಯ ಸೇರಿಸ್ತೀನಿ. 235 ಟಯರ್ ಹಾಕಿದರೆ ಗಾಡಿ ಸುಮಾರು ಹತ್ತು ಪರ್ಸೆಂಟ್ ಉದ್ದ ಗೇರ್ ಹಾಕಿದ ಹಾಗೆ ಆಗುತ್ತದೆ, ಎಳೆಯುವ ಶಕ್ತಿ ಕಡಿಮೆಯಾಗುತ್ತದೆ. ಮೀಟರ್ 50 ತೋರಿಸಿದಾಗ ನಿಜದಲ್ಲಿ 55 ಇರುತ್ತದೆ. ನಿಮ್ಮದು 1.3 ಲೀಟರ್, ನಡೆಯುತ್ತದೆ. 970 ಸಿಸಿಯ ಹಳೆಯ ಜಿಪ್ಸಿ ಇರುವವರು ಘಾಟಿಯಲ್ಲಿ ಭಾರ ಹೊತ್ತು ಹತ್ತಬೇಕಾದರೆ ಯೋಚನೆ ಮಾಡಿ. 1993ರಲ್ಲಿ ಜಿಪ್ಸಿಯ ಟ್ರ್ಯಾಕ್ (ಎಡ ಬಲ ಚಕ್ರಗಳ ನಡುವಿನ ಅಂತರ) 90 ಮಿಮೀ ಅಗಲವಾಯಿತು. ಅದಕ್ಕಿಂತ ಹಳೆಯ ಕಿರಿದಾದ ಗಾಡಿಗೆ ಎತ್ತರ ಕೊಟ್ಟರೆ ಓರೆ ದಾರಿಯಲ್ಲಿ ಮಗುಚುವ ಅಪಾಯ ಜಾಸ್ತಿ. ನನ್ನ ಪ್ರಕಾರ ಅವಕ್ಕೆ ಎತ್ತರವೇ ಬೇಡ.

ಇನ್ನೊಂದು ಕಾನೂನು. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ ಕಂಪನಿಯ ಮೂಲ ವಿವರಕ್ಕೆ ಹೊಂದದ ಬದಲಾವಣೆ ಮಾಡುವ ಹಾಗಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೂಡ ಇದನ್ನೇ ಹೇಳಿದೆ. ನಿಮ್ಮ ಗಾಡಿ ಹದಿನೈದು ವರ್ಷ ದಾಟಿದ್ದು, ಎಫ್‌ಸಿಗೆ ಹೋಗಲೇಬೇಕು. ಕೆಲಸ ಮಾಡಿಸುವ ಮೊದಲೇ ಆರ್‌ಟಿಒದಲ್ಲಿ ಕೇಳಿ, ಇನ್ಶೂರೆನ್ಸ್‌ನವರಿಗೂ ಬರೆದು ತಿಳಿಸಿ.

ಮತ್ತೆ ಮೂಡಿಗೆರೆಯಿಂದ

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಅಡಿ ತೂರಿ ನೋಡಿದೆ. ಗೀರು ಇರುವುದು ಕ್ರಾಸ್ ಮೆಂಬರ್ ಮೇಲೆ, ಹಿಂದಿನ ಪ್ಲೇಟ್ ಪೂರ್ತಿ ನೆಟ್ಟಗಾಗಿದೆ. ಮೊದಲು ಆರ್‌ಟಿಒದಲ್ಲಿ ವಿಚಾರಿಸ್ತೀನಿ. ತೀರ್ಥಹಳ್ಳಿಯ ಅಣ್ಣನಿಗೆ ಒಂದು ಪ್ರಶ್ನೆ: ಬುಷ್ ರಬ್ಬರ್‌ದೇ ಹಾಕಲೋ, ಪಾಲಿಯುರೆಥೇನ್ ಹಾಕಲೋ?

ತೀರ್ಥಹಳ್ಳಿಯಿಂದ

ದಿನಾ ಕೆಲಸದ ಗಾಡಿ ಅಂದಿರಲ್ಲ, ರಬ್ಬರ್‌ದೇ ಹಾಕಿ. ಮೆತ್ತಗಿರುತ್ತದೆ, ಸದ್ದು ಮಾಡಲ್ಲ. ಪಾಲಿಯುರೆಥೇನ್ ಬಾಳಿಕೆ ಬರುತ್ತದೆ, ಆದರೆ ಗ್ರೀಸ್ ತಪ್ಪಿದರೆ ಕಿರ್ ಅನ್ನುತ್ತದೆ. ರಬ್ಬರ್ ಬುಷ್‌ಗೆ ಮಾತ್ರ ಸಾದಾ ಗ್ರೀಸ್ ಹಚ್ಚಬೇಡಿ, ಉಬ್ಬಿ ಹಾಳಾಗುತ್ತದೆ. ಜೂನ್ ಒಳಗೆ ಮಾಡಿಸಿಕೊಳ್ಳಿ, ಮಳೆ ಹಿಡಿದ ಮೇಲೆ ಕೆಸರು ತುಂಬಿದ ಗಾಡಿಯಲ್ಲಿ ಪಿನ್ ಬಿಚ್ಚುವುದು ಎರಡು ಪಟ್ಟು ಕೆಲಸ.